ಈಸು ಕಲಿಯುವ ಮಕ್ಕಳಿಗೆ ಹಗ್ಗ ಹಿಡಿಯುವವರು ಯಾರು?



ಬೇಸಿಗೆ ಸೂಟಿ ಬಿಟ್ಟಿತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ದಿನಚರಿಯೇ ಬೇರೆಯಾಗುತ್ತದೆ. ಮುಂಜಾನೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ ಹುಡುಗರು ಮಧ್ಯಾಹ್ನ ಊಟದ ಹೊತ್ತಿಗೆ ಕಣ್ಣು ಕೆಂಪು ಮಾಡಿಕೊಂಡು, ತೊಯ್ದ ತಲೆಯಲ್ಲಿ ಮನೆಗೆ ಬರುತ್ತಾರೆ. ಎಲ್ಲಿ ಹೋಗಿದ್ದಿ ಎಂದರೆ "ಇಲ್ಲೇ ಇದ್ದೆ" ಎಂಬ ಉತ್ತರ. ಆ "ಇಲ್ಲೇ" ಎಂದರೆ ಯಾರದೋ ಹೊಲದ ಬಾವಿ, ಇಲ್ಲವೇ ಕಾಲುವೆ, ಇಲ್ಲವೇ ಹೊಳೆಯ ಮಡುವು. ತಾಯಿ ಎರಡು ಏಟು ಕೊಡುತ್ತಾಳೆ, ನೀರಿಗೆ ಹೋದರೆ ಕಾಲು ಮುರೀತೀನಿ ಎನ್ನುತ್ತಾಳೆ. ಮರುದಿನ ಹುಡುಗ ತಲೆ ಒಣಗಿಸಿಕೊಂಡು ಬರುತ್ತಾನೆ, ಅಷ್ಟೇ ವ್ಯತ್ಯಾಸ.

ಈ ತಿಂಗಳ ಪಾಠಕ್ಕೆ ನಾವು ಈ ವಿಷಯ ತೆಗೆದುಕೊಳ್ಳಲು ಅದೇ ಕಾರಣ. ಬೇಡ ಅಂದರೆ ಮಕ್ಕಳು ನಿಲ್ಲುವುದಿಲ್ಲ, ಕದ್ದು ಹೋಗುತ್ತಾರೆ. ಕದ್ದು ಹೋದ ಮಗುವಿನ ಹತ್ತಿರ ದೊಡ್ಡವರು ಯಾರೂ ಇರುವುದಿಲ್ಲ. ಇನ್ನೊಂದು ಮಾತು: ಈಸು ಬಾರದ ಮಗು ನೀರಿನಿಂದ ದೂರ ಇರುತ್ತದೆ ಎಂದು ತಿಳಿಯುವುದೂ ತಪ್ಪು. ಎಮ್ಮೆ ಮೈ ತೊಳೆಯಲು, ಬಟ್ಟೆ ಒಗೆಯಲು, ಕಾಲು ತೊಳೆಯಲು ನಮ್ಮ ಮಕ್ಕಳು ದಿನವೂ ನೀರಿನ ದಂಡೆಗೆ ಹೋಗುವವರೇ. ಹಾಗಾಗಿ ಹುಡುಗರೂ ಹುಡುಗಿಯರೂ ಈಸು ಕಲಿಯಬೇಕು ಎಂಬುದೇ ನಮ್ಮ ಅಭಿಪ್ರಾಯ. ಎಲ್ಲಿ ಕಲಿಯಬೇಕು, ಯಾರ ಕೈಯಲ್ಲಿ ಕಲಿಯಬೇಕು, ದಂಡೆಯ ಮೇಲೆ ಯಾರು ನಿಲ್ಲಬೇಕು ಎಂಬುದನ್ನು ಮಾತ್ರ ನಾವು ತಾಯಂದಿರು ತೀರ್ಮಾನ ಮಾಡಬೇಕು.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಜಗತ್ತಿನಲ್ಲಿ 2021ನೇ ವರ್ಷ ಒಂದರಲ್ಲೇ ಸುಮಾರು 3 ಲಕ್ಷ ಜನ ಹೀಗೆ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಕೂಸುಗಳು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಘೋಷಿಸಿತು. ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2023ರ ಡಿಸೆಂಬರ್‌ನಲ್ಲಿ ಇದನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅಂದರೆ ಇದು "ಹಣೆಬರಹ" ಅಂತ ಬಿಡುವ ಸಾವಲ್ಲ, ತಡೆಯಬಹುದಾದ ಸಾವು ಎಂದು ಎಲ್ಲರೂ ಒಪ್ಪಿದ್ದಾರೆ.

ಎಲ್ಲಿ ಕಲಿಸಬೇಕು?

ನಮ್ಮ ಸೀಮೆಗೆ ದೇವರು ನೀರು ಕೊಟ್ಟಿದ್ದಾನೆ. ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳಿವೆ. ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಆಣೆಕಟ್ಟು ಇದೆ. ಧೂಪದಾಳದಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಇದರ ಜೊತೆಗೆ ಹೊಲಹೊಲಕ್ಕೂ ಬಾವಿ, ಈಚೆಗೆ ಕೃಷಿ ಹೊಂಡ. ಇವುಗಳಲ್ಲಿ ಈಸು ಕಲಿಸಲು ಯೋಗ್ಯವಾದವು ಬಹಳ ಕಡಿಮೆ.

ಕಾಲುವೆ ಬೇಡವೇ ಬೇಡ. ಮೇಲಿಂದ ನೋಡಿದರೆ ನೀರು ಸಾವಕಾಶ ಹೋದಂತೆ ಕಾಣುತ್ತದೆ, ಒಳಗೆ ಸೆಳೆತ ಇರುತ್ತದೆ. ಎರಡೂ ಬದಿಗೆ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಒಮ್ಮೆ ಜಾರಿದವರಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ಈಸು ಬಲ್ಲ ಗಂಡಸರೇ ಮೇಲೆ ಬರಲಾರದೆ ಸುಸ್ತಾಗುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಕಾಲುವೆಗೆ ನೀರು ಬಿಡುವುದುಂಟು. ನಿನ್ನೆ ಮೊಣಕಾಲಿನಷ್ಟು ಇದ್ದದ್ದು ಇಂದು ಎದೆಮಟ್ಟ ಆಗಿರಬಹುದು.

ಹೊಳೆಯ ಮಾತೂ ಅದೇ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಗೋಕಾಕ ಪಟ್ಟಣದೊಳಕ್ಕೇ ಬಂದದ್ದನ್ನು ನಾವು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಹೊಳೆಗೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ ನಿಜ. ಆದರೆ ಬೇಸಿಗೆಯ ಹೊಳೆಯನ್ನು ನಾವು ನಂಬಿಬಿಡುತ್ತೇವೆ. ಮರಳು ತೆಗೆದ ಕಡೆ ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳುದ್ದ ನೀರು. ನೀರಿನ ಮೇಲೆ ಆ ಗುಂಡಿಯ ಗುರುತು ಏನೂ ಇರುವುದಿಲ್ಲ. ಗೋಕಾಕ ಫಾಲ್ಸ್ ಮತ್ತು ಗೊಡಚಿನಮಲ್ಕಿ ಫಾಲ್ಸ್ ನೋಡಲು ಹೋದಾಗ ಬಂಡೆಯ ಮೇಲಿಂದ ನೀರಿಗೆ ಇಳಿಯುವುದಂತೂ ಈಸು ಕಲಿಯುವ ಜಾಗವೇ ಅಲ್ಲ. ಅದು ನೋಡುವ ಜಾಗ, ನೋಡಿ ಬರೋಣ.

ಕೃಷಿ ಹೊಂಡದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡಗಳು ಹೆಚ್ಚಾದವು. ರೈತರಿಗೆ ಒಳ್ಳೆಯದೇ ಆಯಿತು. ಆದರೆ ನೀರು ಇಂಗಬಾರದೆಂದು ಒಳಗೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿ ತೊಯ್ದ ಮೇಲೆ ಎಣ್ಣೆ ಸುರಿದ ಹಾಗೆ. ಒಂದು ಮಗು ಜಾರಿದರೆ ಹತ್ತಿ ಬರಲು ದಾರಿ ಇಲ್ಲ, ತೆಗೆಯಲು ಇಳಿದ ಅಣ್ಣನಿಗೂ ದಾರಿ ಇಲ್ಲ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ಸುತ್ತಲೂ ಬೇಲಿ ಬೇಕು. ಕೃಷಿ ಭಾಗ್ಯದಲ್ಲಿ ತಂತಿಬೇಲಿಗೂ ಸಹಾಯಧನ ಸೇರಿಸಿದ್ದಾರೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಬೇಲಿ ಆಗುವ ತನಕ ದಪ್ಪ ಹಗ್ಗಕ್ಕೆ ನಾಲ್ಕಾರು ಗಂಟು ಹಾಕಿ, ಒಂದು ತುದಿಯನ್ನು ಗಟ್ಟಿ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹೊಂಡದೊಳಗೆ ಇಳಿಬಿಡಿರಿ. ಜಾರಿ ಬಿದ್ದವರ ಕೈಗೆ ಅದಾದರೂ ಸಿಗುತ್ತದೆ.

ಹಾಗಾದರೆ ಉಳಿಯುವುದು ಎರಡು: ಮೆಟ್ಟಿಲು ಇರುವ ಬಾವಿ, ಇಲ್ಲವೇ ಬೆಳಗಾವಿಯಂಥ ಊರಿನ ಈಜುಕೊಳ.

ಬಾವಿಯಲ್ಲಿ ಕಲಿಸುವಾಗ

ನಮ್ಮ ಹಿರಿಯರು ಬಾವಿಯಲ್ಲೇ ಕಲಿತವರು. ಬೆನ್ನಿಗೆ ಬೆಂಡು ಕಟ್ಟಿ, ನಡುವಿಗೆ ಹಗ್ಗ ಹಾಕಿ, ಮೇಲಿಂದ ಅಪ್ಪನೋ ಕಾಕಾನೋ ಹಿಡಿದುಕೊಂಡು ಕಲಿಸುತ್ತಿದ್ದರು. ಆ ಪದ್ಧತಿಯಲ್ಲಿ ಒಂದು ದೊಡ್ಡ ಗುಣ ಇತ್ತು, ಹಗ್ಗದ ಇನ್ನೊಂದು ತುದಿಯಲ್ಲಿ ದೊಡ್ಡವರೊಬ್ಬರು ಇರುತ್ತಿದ್ದರು. ಈಗ ಬೆಂಡಿನ ಬದಲಿಗೆ ಎಣ್ಣೆಯ ಕ್ಯಾನು, ಟ್ಯೂಬು ಬಂದಿವೆ. ಹಗ್ಗ ಹಿಡಿಯುವವರು ಮಾತ್ರ ಇಲ್ಲ. ಹತ್ತು ವರ್ಷದವನಿಗೆ ಹನ್ನೆರಡು ವರ್ಷದವನು ಗುರು.

ಕ್ಯಾನು, ಟ್ಯೂಬು ಜೀವ ಉಳಿಸುವ ಸಾಮಾನಲ್ಲ ಎಂಬುದು ಮೊದಲು ಗೊತ್ತಿರಲಿ. ಕ್ಯಾನಿನ ಮುಚ್ಚಳ ಸಡಿಲಾದರೆ ನೀರು ತುಂಬುತ್ತದೆ. ಟ್ಯೂಬಿನ ಗಾಳಿ ಇಳಿಯುತ್ತದೆ, ಇಲ್ಲವೇ ಮಗು ಅದರಿಂದ ಕೆಳಗೆ ಜಾರುತ್ತದೆ. ನಡುವಿನ ಕೆಳಗೆ ಕಟ್ಟಿದರೆ ಕಾಲು ಮೇಲೆ, ತಲೆ ಕೆಳಗೆ ಆಗುತ್ತದೆ. ಕಟ್ಟುವುದಾದರೆ ಕಂಕುಳ ಕೆಳಗೆ, ಎದೆಯ ಮಟ್ಟಕ್ಕೆ ಕಟ್ಟಬೇಕು. ಕಟ್ಟಿದ ಮೇಲೆಯೂ ಹಗ್ಗ ಬೇಕು, ಕಲಿಸುವವರು ಕೈಗೆ ಎಟಕುವಷ್ಟು ಹತ್ತಿರ ನೀರಿನಲ್ಲೇ ಇರಬೇಕು.

ಕಲಿಸುವವರು ಒಬ್ಬರು ಸಾಲದು. ನೀರಿನಲ್ಲಿ ಒಬ್ಬರು, ದಂಡೆಯ ಮೇಲೆ ಒಬ್ಬರು. ದಂಡೆಯ ಮೇಲೆ ಕೂತವರ ಕೆಲಸ ನೋಡುವುದು ಮಾತ್ರ. ಮೊಬೈಲು ನೋಡುವುದಲ್ಲ, ಶೇಂಗಾ ಸುಲಿಯುವುದೂ ಅಲ್ಲ. ಹೊಸದಾಗಿ ಕಲಿಯುವ ಮಕ್ಕಳನ್ನು ಒಂದು ಸಲಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಇಳಿಸಬೇಡಿರಿ. ಉಳಿದವರು ಮೇಲೆ ಕೂತು ತಮ್ಮ ಪಾಳಿ ಕಾಯಲಿ. ಎರಡೆರಡು ಮಕ್ಕಳ ಜೋಡಿ ಮಾಡಿರಿ, ಆಗಾಗ "ನಿನ್ನ ಜೋಡಿ ಎಲ್ಲಿ?" ಎಂದು ಕೇಳುತ್ತಾ ತಲೆ ಎಣಿಸಿರಿ.

ದಂಡೆಯ ಮೇಲೆ ಒಬ್ಬರು ಯಾಕೆ ಬೇಕು ಎಂದರೆ, ಮುಳುಗುವ ಮಗು ಕೂಗುವುದಿಲ್ಲ. ಸಿನೆಮಾದಲ್ಲಿ ಕೈ ಎತ್ತಿ "ಕಾಪಾಡ್ರೀ" ಎಂದು ಒದರುವುದನ್ನು ನೋಡಿ ನಮಗೆ ಹಾಗೆಂದು ರೂಢಿಯಾಗಿದೆ. ಉಸಿರು ತೆಗೆದುಕೊಳ್ಳಲಿಕ್ಕೇ ಆಗದ ಮಗು ಕೂಗುವುದು ಹೇಗೆ? ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ಮೈ ನೆಟ್ಟಗೆ ನಿಂತಂತೆ ಇರುತ್ತದೆ. ಆಟ ಆಡುತ್ತಿದೆ ಅಂತ ಪಕ್ಕದಲ್ಲಿದ್ದವರು ತಿಳಿಯುತ್ತಾರೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಗದ್ದಲ ಮಾಡುತ್ತಿದ್ದ ಮಗು ಒಮ್ಮೆಲೇ ಸುಮ್ಮನಾದರೆ ಆಗಲೇ ನೋಡಬೇಕು.

ಬಾವಿಗೆ ಇಳಿಯುವ ಮುಂಚೆ ಮೋಟಾರಿನ ಮೇನ್ ಸ್ವಿಚ್ ತೆಗೆಯಿರಿ. ವಾಯರು ನೀರಿಗೆ ತಾಗಿದ್ದರೆ ಈಸು ಬಂದರೂ ಉಪಯೋಗ ಇಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವರ್ತೂರು ಕಡೆ ಒಂದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಒಬ್ಬ ಬಾಲಕಿ ತೀರಿಕೊಂಡಳು. ವಿದ್ಯುತ್ ಹರಿದದ್ದೇ ಕಾರಣ ಎಂದು ಆಮೇಲೆ ತನಿಖೆಯಲ್ಲಿ ಬಂತು. ಅಷ್ಟು ದೊಡ್ಡ ಊರಿನ ಕೊಳದಲ್ಲೇ ಹೀಗಾದರೆ, ಟೇಪು ಸುತ್ತಿದ ನಮ್ಮ ಬಾವಿಯ ವಾಯರಿನ ಮಾತೇನು?

ಹುಡುಗರನ್ನು ಎತ್ತಿ ಒಗೆದರೆ ತಾವೇ ಕಲಿಯುತ್ತಾರೆ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಹಾಗೆ ಕೆಲವರು ಕಲಿತಿರಬಹುದು, ಕೆಲವರು ಜೀವನಪೂರ್ತಿ ನೀರಿಗೆ ಹೆದರಿದ್ದಾರೆ. ಕಲಿಕೆ ಶುರುವಾಗಬೇಕಾದದ್ದು ಮೆಟ್ಟಿಲ ಮೇಲೆ, ಎದೆಮಟ್ಟದ ನೀರಿನಲ್ಲಿ: ಮುಖ ಮುಳುಗಿಸಿ ಬಾಯಿಂದ ಗುಳ್ಳೆ ಬಿಡುವುದು, ಅಂಗಾತ ತೇಲುವುದು, ತಿರುಗಿ ಮೆಟ್ಟಿಲು ಹಿಡಿಯುವುದು. ಕೈಕಾಲು ಬಡಿಯುವುದು ಅದರ ನಂತರ. ಮೇಲಿನಿಂದ ತಲೆ ಕೆಳಗಾಗಿ ಜಿಗಿಯುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿರಿ, ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ತಲೆ ಬಡಿದು ಕುತ್ತಿಗೆ ಮುರಿಯುತ್ತದೆ. "ಯಾರು ಹೆಚ್ಚು ಹೊತ್ತು ಮುಳುಗಿರ್ತಾರ" ಎಂಬ ಪಂದ್ಯವೂ ಬೇಡ, ಉಸಿರು ಬಿಗಿಹಿಡಿದ ಮಗು ನೀರೊಳಗೇ ಎಚ್ಚರ ತಪ್ಪಬಹುದು. ಮೂರ್ಛೆ ರೋಗ ಇರುವ ಮಗುವಾದರೆ ಕಲಿಸುವವರಿಗೆ ಮೊದಲೇ ಹೇಳಲೇಬೇಕು, ಮುಚ್ಚಿಡಬೇಡಿರಿ. ಏಪ್ರಿಲ್-ಮೇ ತಿಂಗಳ ಸಂಜೆಯ ಮಳೆ ಗುಡುಗಿನೊಂದಿಗೆ ಬರುತ್ತದೆ. ಮೊದಲ ಗುಡುಗಿಗೇ ಎಲ್ಲರೂ ನೀರು ಬಿಟ್ಟು ಮೇಲೆ ಬರಬೇಕು.

ಎಷ್ಟು ಕಲಿತರೆ ಸಾಕು? ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಸಾವಿರಾರು ಮಕ್ಕಳಿಗೆ ಈಸು ಕಲಿಸಿದ್ದಾರೆ. ಅಲ್ಲಿಯ ಅಳತೆ ಸರಳ: 25 ಮೀಟರ್ ಈಸಬೇಕು, 30 ಸೆಕೆಂಡು ಇದ್ದಲ್ಲೇ ತೇಲಬೇಕು, ಮುಳುಗುವವರಿಗೆ ದಂಡೆಯಿಂದಲೇ ಸಹಾಯ ಮಾಡಲು ಗೊತ್ತಿರಬೇಕು. ಪದಕ ಗೆಲ್ಲುವುದಲ್ಲ, ಜೀವ ಉಳಿಸಿಕೊಳ್ಳುವುದು. ಈಸು ಕಲಿಸಲು ಆರು ವರ್ಷ ದಾಟಿದ ಮಕ್ಕಳು ಯೋಗ್ಯ. ಅದಕ್ಕಿಂತ ಸಣ್ಣವರಿಗೆ ಕಲಿಸಿ ನಂಬಿಕೊಳ್ಳುವಂತಿಲ್ಲ, ಅವರಿಗೆ ಬೇಕಾದದ್ದು ಕಾಯುವವರು. ಅದೇ ಬಾಂಗ್ಲಾದೇಶದಲ್ಲಿ ತಾಯಂದಿರು ಕೆಲಸದಲ್ಲಿರುವ ಮುಂಜಾನೆಯ ಹೊತ್ತು ಸಣ್ಣ ಮಕ್ಕಳನ್ನು ಒಂದು ಮನೆಯಲ್ಲಿ ಸೇರಿಸಿ ನೋಡಿಕೊಂಡದ್ದರಿಂದ ಸಾವು ಬಹಳ ಇಳಿಯಿತು. ನಮ್ಮಲ್ಲೂ ಅಂಗನವಾಡಿ ಇದೆ, 2023ರಲ್ಲಿ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ಶುರು ಮಾಡಿತು. ನಿಮ್ಮ ಪಂಚಾಯತಿಯಲ್ಲಿ ಅದು ನಡೆಯುತ್ತಿದೆಯೋ ಬಾಗಿಲು ಹಾಕಿದೆಯೋ ಗ್ರಾಮಸಭೆಯಲ್ಲಿ ಕೇಳಿರಿ.

ಈಜುಕೊಳಕ್ಕೆ ಕಳಿಸುವುದಾದರೆ

ಪಟ್ಟಣದ ಬೇಸಿಗೆ ಶಿಬಿರಕ್ಕೆ ಫೀ ಕಟ್ಟಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯಲಿಲ್ಲ. 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಉಚ್ಚಿಲದ ಒಂದು ರೆಸಾರ್ಟಿನಲ್ಲಿ ಮೈಸೂರಿನ ಮೂವರು ಯುವತಿಯರು ಕೊಳದಲ್ಲಿ ಮುಳುಗಿ ಸತ್ತರು. ಒಬ್ಬಳು ಆಳದ ಕಡೆಗೆ ಹೋದಳು, ಅವಳನ್ನು ಎಳೆಯಲು ಎರಡನೆಯವಳು, ಅವರಿಬ್ಬರಿಗಾಗಿ ಮೂರನೆಯವಳು. ಮೂವರಿಗೂ ಈಸು ಬರುತ್ತಿರಲಿಲ್ಲ. ಕಾವಲಿಗೆ ಅಲ್ಲಿ ಯಾರೂ ಇರಲಿಲ್ಲ. ಕಾಲೇಜು ಕಲಿತ ಮಕ್ಕಳು ಅವರು. ಮುಂದಿನ ತಿಂಗಳೇ ಮುರ್ಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡರು. ಹುಡುಗಿಯರಿಗೆ ಈಸು ಯಾಕೆ ಎಂದು ಕೇಳುವ ಹಿರಿಯರಿಗೆ ಈ ಎರಡು ಸಂಗತಿ ಹೇಳಿರಿ.

ಕೊಳಕ್ಕೆ ಮೊದಲ ದಿನ ತಾಯಿಯೇ ಹೋಗಿ ನೋಡಬೇಕು. ನೀರಿನ ಆಳ ಎಷ್ಟೆಂದು ದಂಡೆಯ ಮೇಲೆ ಬರೆದಿದೆಯೇ? ತಳ ಕಾಣುವಷ್ಟು ನೀರು ತಿಳಿಯಾಗಿದೆಯೇ? ಕಲಿಸುವವರ ಹೊರತಾಗಿ ಕಾಯಲು ಇನ್ನೊಬ್ಬರು ಇದ್ದಾರೆಯೇ? ಒಬ್ಬ ಸರ್ ಕೈಯಲ್ಲಿ ಎಷ್ಟು ಮಕ್ಕಳು? ಕೇಳಿದರೆ ಸಿಟ್ಟಾಗುವವರ ಕೊಳಕ್ಕೆ ಮಗುವನ್ನು ಕಳಿಸಬೇಡಿರಿ.

ಇನ್ನೊಂದು ವಿಷಯ ಸಭೆಯಲ್ಲಿ ಮಾತಾಡಲು ನಾಚಿಕೆ ಎನಿಸಬಹುದು, ಆದರೂ ಹೇಳಲೇಬೇಕು. ಈಸು ಕಲಿಸುವಾಗ ಮಗುವಿನ ಮೈ ಮುಟ್ಟಬೇಕಾಗುತ್ತದೆ, ಬಟ್ಟೆ ಬದಲಿಸಬೇಕಾಗುತ್ತದೆ. ಇದನ್ನು ಕೆಟ್ಟದ್ದಕ್ಕೆ ಬಳಸುವವರು ಇರುತ್ತಾರೆ, ಬಾವಿಯ ದಂಡೆಯಲ್ಲೂ ಇರುತ್ತಾರೆ, ಕೊಳದಲ್ಲೂ ಇರುತ್ತಾರೆ, ನೆಂಟರಲ್ಲೂ ಇರುತ್ತಾರೆ. ಗಂಡುಮಕ್ಕಳಿಗೂ ಈ ಅಪಾಯ ಇದೆ. ಕಲಿಸುವಾಗ ಕೈ ಹೊಟ್ಟೆಯ ಕೆಳಗೆ, ಬೆನ್ನಿಗೆ, ತಲೆಗೆ ಆಧಾರ ಕೊಡುತ್ತದೆ, ಅದು ಎಲ್ಲರ ಕಣ್ಣಮುಂದೆ ಇರುತ್ತದೆ. ಒಳಉಡುಪು ಮುಚ್ಚುವ ಜಾಗವನ್ನು ಯಾರೂ ಮುಟ್ಟುವಂತಿಲ್ಲ ಎಂದು ಮಗುವಿಗೆ ಮನೆಯಲ್ಲೇ ಹೇಳಿಕೊಡಿರಿ. ಬಟ್ಟೆ ಬದಲಿಸುವ ಕೋಣೆಗೆ ದೊಡ್ಡವರು ಒಬ್ಬೊಬ್ಬರೇ ಮಗುವಿನ ಜೊತೆ ಹೋಗಬಾರದು, ಮೊಬೈಲು ಅಲ್ಲಿಗೆ ಬರಲೇಬಾರದು. ಹುಡುಗಿಯರ ಪಾಠದ ಹೊತ್ತು ಒಬ್ಬ ಹೆಣ್ಣುಮಗಳು ಪೂರ್ತಿ ಇರಬೇಕು. ಖುಷಿಯಿಂದ ಹೋಗುತ್ತಿದ್ದ ಮಗು "ಆ ಸರ್ ಹತ್ರ ನಾ ಹೋಗಂಗಿಲ್ಲ" ಎಂದರೆ ಸೋಮಾರಿತನ ಎಂದು ಬೈಯಬೇಡಿರಿ, ಹತ್ತಿರ ಕೂರಿಸಿಕೊಂಡು ಕೇಳಿರಿ. ಪೋಕ್ಸೊ ಕಾಯಿದೆ 2012ರಿಂದ ಇದೆ, ಗೊತ್ತಿದ್ದೂ ದೂರು ಕೊಡದವರಿಗೂ ಅದರಲ್ಲಿ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112. ಮರ್ಯಾದೆಗೆ ಅಂಜಿ ಊರ ಪಂಚರ ಮುಂದೆ ರಾಜಿ ಮಾಡಿಕೊಳ್ಳಬೇಡಿರಿ. ತಪ್ಪು ಮಾಡಿದವನದ್ದು, ಮಗುವಿನದ್ದಲ್ಲ.

ಯಾರಾದರೂ ಮುಳುಗುತ್ತಿದ್ದರೆ

2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಆಣೆಕಟ್ಟಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮೂವರು ಹೆಣ್ಣುಮಕ್ಕಳ ಕಣ್ಣೆದುರಿಗೆ ನಾಲ್ವರು ಯುವಕರು ಮುಳುಗತೊಡಗಿದರು. ಆ ಹೆಣ್ಣುಮಕ್ಕಳು ಹಿಂದೆಮುಂದೆ ನೋಡದೆ ಉಟ್ಟ ಸೀರೆ ಬಿಚ್ಚಿ, ಗಂಟು ಹಾಕಿ ನೀರಿಗೆ ಎಸೆದರು. ಇಬ್ಬರು ಯುವಕರು ಸೀರೆ ಹಿಡಿದು ಬದುಕಿದರು. ಉಳಿದಿಬ್ಬರು ಸಿಗಲಿಲ್ಲ. ಆ ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ಅವರು ನೀರಿಗೆ ಹಾರಿ ಅಪ್ಪಿಕೊಳ್ಳಲಿಲ್ಲ, ದೂರದಿಂದ ಹಿಡಿಯಲು ಏನಾದರೂ ಕೊಟ್ಟರು. ನಾವು ಕಲಿಯಬೇಕಾದದ್ದು ಅದನ್ನೇ. ಮುಳುಗುವವರು ಸಿಕ್ಕವರ ಕುತ್ತಿಗೆ ಹಿಡಿಯುತ್ತಾರೆ, ಅದಕ್ಕೇ ಒಂದು ಸಾವು ಮೂರು ಸಾವಾಗುವುದು. ಮೊದಲು ಕೂಗಿ ಜನ ಸೇರಿಸಿರಿ. ಸೀರೆ, ಕೋಲು, ಹಗ್ಗ, ಖಾಲಿ ಕೊಡ, ಮುಚ್ಚಳ ಬಿಗಿಯಾದ ಖಾಲಿ ಕ್ಯಾನು, ಏನಿದೆಯೋ ಅದನ್ನು ಕೊಡಿರಿ. ನೀವು ಮಲಗಿಕೊಂಡು ಎಳೆಯಿರಿ, ನಿಂತರೆ ಅವರೇ ನಿಮ್ಮನ್ನು ಎಳೆದುಕೊಳ್ಳುತ್ತಾರೆ. ಈಸು ಬಾರದ ಮಕ್ಕಳಿಗೆ "ಗೆಳೆಯನ್ನ ಉಳಿಸಾಕ ಹಾರಬ್ಯಾಡ, ಓಡಿಬಂದು ಹೇಳು" ಎಂದು ಇಂದೇ ಹೇಳಿಡಿರಿ.

ಮೇಲೆ ತೆಗೆದ ಮೇಲೆ ನಡೆಯುವ ತಪ್ಪುಗಳಿಂದಲೂ ಜೀವ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಯ ಮೇಲೆ ಹೊತ್ತು ತಿರುಗಿಸುವುದು, ಇವೆಲ್ಲ ಹೊತ್ತು ಕಳೆಯುವ ಕೆಲಸ. ಈಚೆಗೆ ಮೊಬೈಲಿನಲ್ಲಿ ಇನ್ನೊಂದು ಸುಳ್ಳು ಹರಿದಾಡಿತು, ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದೆಯಂತೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಉಪ್ಪು ತಂದು ಮಕ್ಕಳ ಮೈಮೇಲೆ ಸುರಿದು ಗಂಟೆಗಟ್ಟಲೆ ಕಾದು ಕೂತರು. ಯಾರೂ ಏಳಲಿಲ್ಲ. ಆ ತಾಯಂದಿರನ್ನು ನಾವು ಮೂರ್ಖರೆನ್ನುವುದಿಲ್ಲ. ಮಗು ತಣ್ಣಗಾದಾಗ ತಾಯಿ ಏನು ಹೇಳಿದರೂ ನಂಬುತ್ತಾಳೆ. ಆ ಸುಳ್ಳನ್ನು ಮುಂದಕ್ಕೆ ಕಳಿಸಿದವರ ತಪ್ಪು ದೊಡ್ಡದು. ನಿಮ್ಮ ಮೊಬೈಲಿಗೆ ಬಂದರೆ ಅಲ್ಲೇ ಅಳಿಸಿ, ಕಳಿಸಿದವರಿಗೂ ಹೇಳಿರಿ.

ಮಾಡಬೇಕಾದದ್ದು ಬೇರೆ. ಒಬ್ಬರು 108ಕ್ಕೆ ಫೋನು ಹಚ್ಚಲಿ, ಇನ್ನೊಬ್ಬರು ಮಗುವಿನ ಉಸಿರು ನೋಡಲಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿರಿ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಎರಡರಿಂದ ಐದು ಸಲ ಉಸಿರು ಊದಬೇಕು. ಎದೆ ಏರುವುದು ಕಾಣಬೇಕು. ಆಮೇಲೆ ಎದೆಯ ನಡುವೆ, ಎದೆಯ ದಪ್ಪದ ಮೂರನೇ ಒಂದು ಪಾಲು ತಗ್ಗುವಂತೆ 30 ಸಲ ಒತ್ತುವುದು, ಮತ್ತೆ 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120 ಒತ್ತು ಬೀಳುವ ವೇಗ ಇರಲಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು, ದಣಿದರೆ ಇನ್ನೊಬ್ಬರು ಹಿಡಿಯಬೇಕು. ಉಸಿರಿಲ್ಲದೆ ನಾಲ್ಕೈದು ನಿಮಿಷ ಹೋದರೆ ಮಿದುಳಿಗೆ ಪೆಟ್ಟು. ನಮ್ಮ ಎಷ್ಟೋ ಹಳ್ಳಿಗಳಿಗೆ ಆಂಬುಲೆನ್ಸ್ ಅಷ್ಟರೊಳಗೆ ಬರುವುದು ಸಾಧ್ಯವಿಲ್ಲ. ಅಂದರೆ ಆ ನಾಲ್ಕೈದು ನಿಮಿಷ ಬಾವಿಯ ದಂಡೆಯ ಮೇಲಿದ್ದವರದ್ದೇ. ಎದ್ದು ಕೂತು ಮಾತಾಡಿದ ಮಗುವನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಪುಪ್ಪುಸಕ್ಕೆ ಹೋದ ನೀರು ಕೆಲವು ಗಂಟೆಗಳ ಮೇಲೆ ತೊಂದರೆ ಕೊಡಬಹುದು.

ಇದನ್ನು ಓದಿ ಕಲಿಯಲು ಆಗುವುದಿಲ್ಲ, ಕೈಯಿಂದ ಮಾಡಿಯೇ ಕಲಿಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರನ್ನೋ ನರ್ಸಮ್ಮನನ್ನೋ ಸಂಘದ ಸಭೆಗೆ ಒಂದು ತಾಸು ಕರೆಯಿರಿ. ಆಶಾ ಕಾರ್ಯಕರ್ತೆ ನಿಮ್ಮ ಸಂಘದಲ್ಲೇ ಇದ್ದರೆ ಅವರ ಮೂಲಕ ಕೇಳಿಸಿರಿ. ಎರಡು-ಮೂರು ಸಂಘ ಕೂಡಿ ಅರ್ಜಿ ಕೊಟ್ಟರೆ ಬೇಗ ಬರುತ್ತಾರೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಇದಕ್ಕೆ ಇಡಿರಿ. ಊರಿನ ಮಕ್ಕಳು ಯಾವ ಯಾವ ನೀರಿಗೆ ಹೋಗುತ್ತಾರೆ? ಮಕ್ಕಳನ್ನೇ ಕೂರಿಸಿ ಕೇಳಿರಿ, ಬೈಯುವುದಿಲ್ಲ ಎಂದು ಮಾತು ಕೊಟ್ಟು ಕೇಳಿರಿ. ಅವುಗಳಲ್ಲಿ ಮೆಟ್ಟಿಲು ಇರುವ ಬಾವಿ ಯಾರದು, ಅವರು ಸೂಟಿಯಲ್ಲಿ ಮುಂಜಾನೆ ಒಂದು ತಾಸು ಕೊಡುತ್ತಾರೆಯೇ? ಕಲಿಸಲು ಈಸು ಬಲ್ಲ ದೊಡ್ಡವರು ಯಾರಿದ್ದಾರೆ? ದಂಡೆಯ ಮೇಲೆ ಯಾವ ದಿನ ಯಾವ ತಾಯಿಯ ಪಾಳಿ? ಬಾವಿಯ ಹತ್ತಿರ ಕಾಯಂ ಇಡಲು ಒಂದು ಹಗ್ಗ ಮತ್ತು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಸಂಘದ ಹಣದಿಂದ ಕೊಳ್ಳಬಹುದೇ? ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆದು, ಪಾಳಿಯ ಯಾದಿಯನ್ನು ಅಂಗನವಾಡಿಯ ಗೋಡೆಗೆ ಹಚ್ಚಿರಿ. ಒಂದು ಪ್ರತಿಯನ್ನು ನಮ್ಮ ಕ್ಷೇತ್ರ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟು ಕಳಿಸಿದರೆ, ಯಾವ ಊರಿನಲ್ಲಿ ಏನು ನಡೆಯಿತು ಎಂದು ಬೇರೆ ಸಂಘಗಳಿಗೆ ತಿಳಿಸಲು ನಮಗೆ ಅನುಕೂಲ.